ಸೇತುವೆಯ ಮೇಲಿನ ಎರಡು ವರ್ಷ: ಸನ್ನಿ ರಾಲಿನ್ಸ್ ಅವರ ವಾದನ ಮತ್ತು ಧ್ವನಿಮುದ್ರಿಕೆಗಳು



ಉಪನ್ಯಾಸಕ್ಕೆ ಕರೆದವರು ವಿಷಯವನ್ನು ನನಗೇ ಬಿಟ್ಟಿದ್ದರು. ಸನ್ನಿ ರಾಲಿನ್ಸ್ ಎಂದೆ. ಫೋನಿನ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಸ್ಯಾಕ್ಸೊಫೋನ್ ಅಂದರೆ ನಮ್ಮ ಕದ್ರಿಯವರದ್ದೇ ಅಲ್ಲವೇ ಸಾರ್?" ಎಂದರು. ವಾದ್ಯದ ಕುಲ ಅದೇ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಹಕ್ಕುಪತ್ರ ಪಡೆದ ಕುಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ನಾದ ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಅದನ್ನು ಗಮಕಕ್ಕೆ ಬಗ್ಗಿಸಿದ್ದು ದೊಡ್ಡ ಕತೆ. ಆದರೆ ಅವರ ಕೈಯಲ್ಲಿದ್ದದ್ದು ಆಲ್ಟೊ. ಇಂದು ನಾನು ಹೇಳಹೊರಟಿರುವುದು ಅದರ ಅಣ್ಣ ಟೆನರ್ ಬಗ್ಗೆ. ಕೊಳವೆ ಉದ್ದ, ಕುತ್ತಿಗೆಯ ಬಳಿ ಒಂದು ಬಾಗು, ದನಿ ಗಂಡಸಿನ ಕಂಠಕ್ಕೆ ಹತ್ತಿರ. ಜಾಝ್‌ನವರು ಅತಿ ಹೆಚ್ಚು ಮಾತಾಡಿದ್ದು ಈ ವಾದ್ಯದಲ್ಲೇ ಎಂದರೆ ತಪ್ಪಾಗದು.

ರಾಲಿನ್ಸ್ ನನಗೆ ಸಿಕ್ಕಿದ್ದು ಕ್ಯಾಸೆಟ್ಟಿನಲ್ಲಿ. ಗೆಳೆಯನೊಬ್ಬ 'ಸ್ಯಾಕ್ಸೊಫೋನ್ ಕೊಲೊಸಸ್' ಎಂಬ ಆಲ್ಬಮ್ಮನ್ನು 60 ನಿಮಿಷದ ಕ್ಯಾಸೆಟ್ಟಿನ ಒಂದೇ ಬದಿಗೆ ನಕಲು ಮಾಡಿಕೊಟ್ಟಿದ್ದ. ಆಲ್ಬಮ್ ಸುಮಾರು 40 ನಿಮಿಷದ್ದು, ಒಂದು ಬದಿಯಲ್ಲಿ ಹಿಡಿಸುವುದು 30 ನಿಮಿಷ. ಹಾಗಾಗಿ ಕೊನೆಯ ರಚನೆ 'ಬ್ಲೂ ಸೆವೆನ್'ನಲ್ಲಿ ಬಾಸ್ ವಾದಕ ನಿಧಾನವಾಗಿ ಹೆಜ್ಜೆ ಹಾಕಿಕೊಂಡು ಬರುತ್ತಾನೆ, ರಾಲಿನ್ಸ್ ಎತ್ತುಗಡೆ ನುಡಿಸುತ್ತಾರೆ, ಟಕ್ ಎಂದು ಟೇಪ್ ನಿಲ್ಲುತ್ತದೆ. ಹಲವು ವರ್ಷ ನನ್ನ ಪಾಲಿಗೆ 'ಬ್ಲೂ ಸೆವೆನ್' ಅಂದರೆ ಅಷ್ಟೇ. ಮುಂದೆ ಏನಾಗಬಹುದೆಂದು ನಾನೇ ಗುನುಗಿಕೊಳ್ಳುತ್ತಿದ್ದೆ. ಪೂರ್ತಿ ಕೇಳಿದ ದಿನ ನನ್ನ ಊಹೆಗಳೆಲ್ಲ ಎಷ್ಟು ಬಡವಾಗಿದ್ದವು ಎಂಬುದು ಗೊತ್ತಾಯಿತು. ಆದರೂ ಆ ತುಂಡು ಟೇಪ್ ನನಗೊಂದು ಅನುಮಾನ ಕಲಿಸಿತು. ಈ ಮನುಷ್ಯನ ಸಂಗೀತದಲ್ಲಿ ನಮ್ಮ ಕೈಗೆ ಸಿಕ್ಕಿರುವುದು ಬರೀ ಎತ್ತುಗಡೆಯೇ? ಉಳಿದದ್ದು ಟೇಪಿನ ಆಚೆಗೇ ನಡೆದುಹೋಯಿತೇ? ಈ ಹೊತ್ತಿನ ಮಾತೆಲ್ಲ ಆ ಅನುಮಾನದ ಹಿಂದೆಯೇ.

ವಾಲ್ಟರ್ ಥಿಯೊಡರ್ ರಾಲಿನ್ಸ್ ಹುಟ್ಟಿದ್ದು 1930ರ ಸೆಪ್ಟೆಂಬರ್ 7ರಂದು, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ತಂದೆತಾಯಿ ಕೆರಿಬಿಯನ್ ಸಮುದ್ರದ ವರ್ಜಿನ್ ದ್ವೀಪಗಳಿಂದ ಬಂದವರು. ಮನೆಯಲ್ಲಿ ತಾಯಿ ಗುನುಗುತ್ತಿದ್ದ ಕ್ಯಾಲಿಪ್ಸೊ ಹಾಡುಗಳು ಮಗನ ಕಿವಿಯಲ್ಲಿ ಉಳಿದವು. ಹುಡುಗನಿಗೆ ಮೊದಲು ಹುಚ್ಚು ಹಿಡಿಸಿದವರು ಆಲ್ಟೊ ನುಡಿಸುತ್ತ ಹಾಡಿ ಕುಣಿಸುತ್ತಿದ್ದ ಲೂಯಿ ಜೋರ್ಡನ್. ಮನೆಯವರಿಗೆ ತೊಂದರೆಯಾಗದಿರಲೆಂದು ಬಟ್ಟೆ ತೂಗುಹಾಕುವ ಗೂಡಿನೊಳಗೆ ಹೊಕ್ಕು ಊದುತ್ತಿದ್ದನಂತೆ. ಈ ಗೂಡನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಕೋಲ್ಮನ್ ಹಾಕಿನ್ಸ್ ಕಿವಿಗೆ ಬಿದ್ದರು. 1939ರಲ್ಲಿ ಹಾಕಿನ್ಸ್ ಮುದ್ರಿಸಿದ 'ಬಾಡಿ ಅಂಡ್ ಸೋಲ್' ಟೆನರ್ ವಾದಕರಿಗೆ ಪಾಠಪುಸ್ತಕವಿದ್ದಂತೆ. ಮೂಲ ಹಾಡಿನ ಧಾಟಿಯನ್ನು ಹೆಚ್ಚುಕಮ್ಮಿ ಬಿಟ್ಟುಕೊಟ್ಟು, ಅದರಡಿಯ ಸ್ವರಮೇಳದ ಹಾದಿ ಹಿಡಿದೇ ಮೂರು ನಿಮಿಷ ಹೊಸ ಕಟ್ಟಡ ಎಬ್ಬಿಸುತ್ತಾರೆ. ಹಾಕಿನ್ಸ್ ಇದ್ದದ್ದೂ ಅದೇ ಹಾರ್ಲೆಮ್‌ನಲ್ಲಿ. ಹುಡುಗ ಅವರ ಭಾವಚಿತ್ರ ಹಿಡಿದು ಅವರ ಮನೆ ಮೆಟ್ಟಿಲ ಮೇಲೆ ಕಾದು ಕುಳಿತು ಹಸ್ತಾಕ್ಷರ ಹಾಕಿಸಿಕೊಂಡ. 52ನೇ ಬೀದಿಯ ಕ್ಲಬ್ಬುಗಳಿಗೆ ಚಿಕ್ಕವರನ್ನು ಬಿಡುತ್ತಿರಲಿಲ್ಲವಾಗಿ ಹುಬ್ಬು ತೀಡುವ ಪೆನ್ಸಿಲ್‌ನಿಂದ ಮೀಸೆ ಬರೆದುಕೊಂಡು ಹೋಗುತ್ತಿದ್ದ. 1946ರ ಹೊತ್ತಿಗೆ ಆಲ್ಟೊ ಬಿಟ್ಟು ಟೆನರ್‌ಗೆ ಬಂದಾಗಿತ್ತು. 1949ರಲ್ಲಿ, ಇನ್ನೂ 18ರ ಪ್ರಾಯದಲ್ಲೇ, ಪಿಯಾನೊ ವಾದಕ ಬಡ್ ಪೊವೆಲ್ ಅವರ ಜೊತೆ ಸ್ಟುಡಿಯೊದಲ್ಲಿ ಕೂತಿದ್ದ.

ಇಲ್ಲಿಂದ ಮುಂದಿನ ಐದಾರು ವರ್ಷ ಹೇಳಲು ಸುಖವಾದುದಲ್ಲ. ಆ ಪೀಳಿಗೆಯ ಎಷ್ಟೋ ಮಂದಿಯಂತೆ ಇವರೂ ಹೆರಾಯಿನ್‌ಗೆ ಬಿದ್ದರು. 1950ರಲ್ಲಿ ಶಸ್ತ್ರ ತೋರಿಸಿ ದರೋಡೆ ಮಾಡಿದ ಆರೋಪದ ಮೇಲೆ ಬಂಧನವಾಗಿ ರೈಕರ್ಸ್ ದ್ವೀಪದ ಜೈಲಿನಲ್ಲಿ ಹತ್ತು ತಿಂಗಳು ಕಳೆದರು. ಹೊರಬಂದು ಮತ್ತೆ ಜಾರಿದರು. ಆಶ್ಚರ್ಯವೆಂದರೆ ಈ ಕೆಸರಿನ ನಡುವೆಯೇ 1954ರಲ್ಲಿ ಮೈಲ್ಸ್ ಡೇವಿಸ್ ಅವರ ತಂಡಕ್ಕೆ 'ಒಲಿಯೊ', 'ಡಾಕ್ಸಿ', 'ಏರ್‌ಜಿನ್' ಎಂಬ ಮೂರು ರಚನೆಗಳನ್ನು ಕೊಟ್ಟರು. ಕೊನೆಯದು ನೈಜೀರಿಯಾ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಂದುಮುಂದಾಗಿ ಓದಿದ್ದು. ಜಾಝ್ ಕಲಿಯುವ ಹುಡುಗರು ಇವತ್ತಿಗೂ ಈ ಮೂರನ್ನು ಬಾಯಿಪಾಠ ಮಾಡುತ್ತಾರೆ.

1955ರಲ್ಲಿ ತಾವಾಗಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿದ್ದ ಸರ್ಕಾರಿ ಚಿಕಿತ್ಸಾ ಕೇಂದ್ರಕ್ಕೆ ಸೇರಿ ಚಟ ಬಿಟ್ಟರು. ಬಿಟ್ಟ ಮೇಲೆ ನೇರ ಕ್ಲಬ್ಬುಗಳಿಗೆ ಹೋಗಲಿಲ್ಲ. ಷಿಕಾಗೊದಲ್ಲಿ ಕಸ ಗುಡಿಸುವ, ನೆಲ ಒರೆಸುವ ಕೆಲಸ ಹಿಡಿದರು. ಹಳೆಯ ಗೆಳೆಯರು ಎದುರಾದಾಗ ಬೇಡ ಎನ್ನುವ ಶಕ್ತಿ ತನಗಿದೆಯೇ ಎಂದು ತಮ್ಮನ್ನೇ ಪರೀಕ್ಷಿಸಿಕೊಂಡರು. ರಾಲಿನ್ಸ್ ತಮ್ಮ ಬದುಕಿನಲ್ಲಿ ವೇದಿಕೆಯಿಂದ ಹಿಂದೆ ಸರಿದದ್ದು ಇದು ಮೊದಲ ಸಲ. ಅವರ ಬಗ್ಗೆ ಬರೆಯುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಹಿಡಿಯುತ್ತೇನೆ. ಮುಂದೆ ಸೇತುವೆಯ ಮೇಲೆ ನಡೆದದ್ದರ ಬೀಜ ಆ ಕಸಬರಿಕೆಯಲ್ಲಿದೆ.

ಅದೇ ವರ್ಷದ ಕೊನೆಯಲ್ಲಿ ಕ್ಲಿಫರ್ಡ್ ಬ್ರೌನ್ ಮತ್ತು ಮ್ಯಾಕ್ಸ್ ರೋಚ್ ಅವರ ತಂಡ ಸೇರಿದರು. ಬ್ರೌನ್ ಟ್ರಂಪೆಟ್ ವಾದಕ, ರಾಲಿನ್ಸ್‌ಗಿಂತ ಕೆಲವೇ ವಾರ ಕಿರಿಯ. ಮದ್ಯ, ಮಾದಕ ಎರಡನ್ನೂ ಮುಟ್ಟದ ಹುಡುಗ. ಹೀಗೂ ಬದುಕಿ ಹೀಗೆ ನುಡಿಸಬಹುದು ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ.

ಈಗ 1956ಕ್ಕೆ ಬರೋಣ. ಮೇ 24ರಂದು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೊದಲ್ಲಿ 'ಟೆನರ್ ಮ್ಯಾಡ್‌ನೆಸ್' ಮುದ್ರಣ. ಸ್ಟುಡಿಯೊ ಎಂದರೆ ಅವರ ತಂದೆತಾಯಿಯ ಮನೆಯ ಮುಂದಿನ ಕೋಣೆ. ಅಂದು ಅಲ್ಲಿಗೆ ಬಂದಿದ್ದ ಇನ್ನೊಬ್ಬ ಟೆನರ್ ವಾದಕ ಜಾನ್ ಕೋಲ್ಟ್ರೇನ್ ಶೀರ್ಷಿಕೆ ರಚನೆಯಲ್ಲಿ ಜೊತೆಗೂಡಿದರು. ಇಬ್ಬರು ಸೇರಿ ನುಡಿಸಿದ ಮುದ್ರಣ ಅದೊಂದೇ, ಹನ್ನೆರಡು ನಿಮಿಷ. ಇದನ್ನು ಕುಸ್ತಿ ಪಂದ್ಯದಂತೆ ವರ್ಣಿಸುವವರಿದ್ದಾರೆ. ನನಗೆ ಕೇಳಿಸುವುದು ಒಂದೇ ಅಂಗಡಿಗೆ ಬಂದ ಇಬ್ಬರು ಬೇರೆ ಬೇರೆ ಗಿರಾಕಿಗಳು. ಕೋಲ್ಟ್ರೇನ್‌ಗೆ ಇದ್ದಬದ್ದ ಸರಕೆಲ್ಲ ಈಗಲೇ ಬೇಕು. ರಾಲಿನ್ಸ್ ಒಂದೇ ವಸ್ತು ಎತ್ತಿಕೊಂಡು, ತಿರುಗಿಸಿ ಮುರುಗಿಸಿ, ಬೆಳಕಿಗೆ ಹಿಡಿದು ನೋಡುತ್ತಾರೆ.

ಒಂದು ತಿಂಗಳೊಳಗೆ, ಜೂನ್ 22ರಂದು, ಅದೇ ಕೋಣೆಯಲ್ಲಿ 'ಸ್ಯಾಕ್ಸೊಫೋನ್ ಕೊಲೊಸಸ್'. ಪಿಯಾನೊಗೆ ಟಾಮಿ ಫ್ಲಾನಗನ್, ಬಾಸ್‌ಗೆ ಡಗ್ ವಾಟ್ಕಿನ್ಸ್, ಡ್ರಮ್ಸ್‌ಗೆ ಮ್ಯಾಕ್ಸ್ ರೋಚ್. ಒಂದೇ ದಿನ, ಐದು ರಚನೆ. ಮೊದಲನೆಯದು 'ಸೇಂಟ್ ಥಾಮಸ್', ತಾಯಿಯ ದ್ವೀಪದ ಹೆಸರು ಹೊತ್ತ ಕ್ಯಾಲಿಪ್ಸೊ. ಇದರಲ್ಲಿ ರಾಲಿನ್ಸ್ ತಮ್ಮ ವಿಸ್ತಾರವನ್ನು ಆರಂಭಿಸುವುದು ಎರಡೇ ಸ್ವರಗಳಿಂದ. ಎರಡು ಸ್ವರ ನುಡಿಸಿ ನಿಲ್ಲುತ್ತಾರೆ. ಮತ್ತೆ ಅದೇ ಎರಡು, ಈ ಸಲ ತಾಳದ ಬೇರೆ ಜಾಗದಲ್ಲಿ. ಮಗು ಹೊಸದಾಗಿ ಕಲಿತ ಪದವನ್ನು ಸಿಕ್ಕವರಿಗೆಲ್ಲ ಹೇಳಿ ನೋಡುವ ಹಾಗೆ. ಆಮೇಲೆ ವಾಕ್ಯಗಳು ಮೆಲ್ಲನೆ ಬೆಳೆಯುತ್ತವೆ.

'ಬ್ಲೂ ಸೆವೆನ್' ಬಗ್ಗೆ ಗುಂಥರ್ ಶುಲ್ಲರ್ ಎಂಬ ಸಂಗೀತ ಸಂಯೋಜಕ 1958ರಲ್ಲಿ ದೀರ್ಘ ಲೇಖನ ಬರೆದರು. ಸಾಮಾನ್ಯ ಜಾಝ್ ವಾದಕ ಸ್ವರಮೇಳದ ಹಾದಿಯಲ್ಲಿ ಹೊಸ ಹೊಸ ಸ್ವರಗುಚ್ಛ ಪೋಣಿಸುತ್ತ ಹೋಗುತ್ತಾನೆ. ಆರಂಭದಲ್ಲಿ ಹೇಳಿದ್ದಕ್ಕೂ ಕೊನೆಗೂ ನಂಟು ಇರಲೇಬೇಕೆಂದಿಲ್ಲ. ರಾಲಿನ್ಸ್ ಹಾಗಲ್ಲ, ಎತ್ತುಗಡೆಯ ಸಣ್ಣ ತುಣುಕುಗಳನ್ನೇ ಹಿಡಿದು, ಕುಗ್ಗಿಸಿ, ಹಿಗ್ಗಿಸಿ, ಇಡೀ ಹನ್ನೊಂದು ನಿಮಿಷವನ್ನು ಒಂದೇ ಬೇರಿನಿಂದ ಬೆಳೆಸುತ್ತಾರೆ ಎಂಬುದು ಶುಲ್ಲರ್ ವಾದ. ಮ್ಯಾಕ್ಸ್ ರೋಚ್ ಅವರ ಡ್ರಮ್ಸ್ ಕೂಡ ಎರಡು ಮೂರು ನುಡಿಕಾರಗಳಿಂದಲೇ ತನ್ನ ಪಾಲಿನ ಕಟ್ಟಡ ಕಟ್ಟುತ್ತದೆ.

ನಮ್ಮ ಕಛೇರಿ ಕೇಳಿ ಬೆಳೆದವರಿಗೆ ಇದರಲ್ಲೇನು ಹೊಸದು ಎನ್ನಿಸೀತು. ನೆರವಲಿನಲ್ಲಿ ಒಂದೇ ಸಾಲನ್ನು ಹಿಡಿದು ಅರ್ಧ ಗಂಟೆ ಬೆಳೆಸುವುದನ್ನು ಕಂಡವರು ನಾವು. ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಬೇಡಿ. ನೆರವಲಿಗೆ ಸಾಹಿತ್ಯದ ಆಸರೆ ಇದೆ, ರಾಗ ಕಾಲಡಿಯಲ್ಲಿ ಅಲುಗದೆ ನಿಂತಿರುತ್ತದೆ. ಇಲ್ಲಿ ನೆಲವೇ ಕೆಲವು ಮಾತ್ರೆಗಳಿಗೊಮ್ಮೆ ಸರಿಯುತ್ತದೆ. ಸರಿಯುವ ನೆಲದ ಮೇಲೆ ನಿಂತು ಒಂದೇ ಮಾತನ್ನು ಬಿಡದೆ ಹಿಡಿಯುವುದು ಬೇರೆಯೇ ಕಷ್ಟ.

ಶುಲ್ಲರ್ ಅವರ ಹೊಗಳಿಕೆಯಿಂದ ರಾಲಿನ್ಸ್‌ಗೆ ಲಾಭವಾಗಲಿಲ್ಲ. ಲೇಖನ ಓದಿದ ಮೇಲೆ ನುಡಿಸುವಾಗ ತಾನೇನು ಮಾಡುತ್ತಿದ್ದೇನೆಂದು ತನ್ನನ್ನೇ ನೋಡಿಕೊಳ್ಳುವಂತಾಯಿತು, ಆಮೇಲೆ ವಿಮರ್ಶೆ ಓದುವುದನ್ನೇ ಬಿಟ್ಟೆ ಎಂದು ಅವರು ಹೇಳಿಕೊಂಡಿದ್ದಾರೆ. ವಿಮರ್ಶಕರಾದ ನಮಗೆ ಇದು ಸ್ವಲ್ಪ ಚುಚ್ಚಬೇಕು.

ಮತ್ತೆ 1956ಕ್ಕೆ. 'ಕೊಲೊಸಸ್' ಮುದ್ರಣವಾದ ನಾಲ್ಕೇ ದಿನಕ್ಕೆ, ಜೂನ್ 26ರ ರಾತ್ರಿ, ಪೆನ್ಸಿಲ್ವೇನಿಯಾದ ಹೆದ್ದಾರಿಯಲ್ಲಿ ಕಾರು ಅಪಘಾತವಾಗಿ ಕ್ಲಿಫರ್ಡ್ ಬ್ರೌನ್ ತೀರಿಕೊಂಡರು. ವಯಸ್ಸು 25. ತಂಡದ ಪಿಯಾನೊ ವಾದಕ ರಿಚಿ ಪೊವೆಲ್ ಮತ್ತು ಅವರ ಹೆಂಡತಿಯೂ ಉಳಿಯಲಿಲ್ಲ.

1957ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ 'ವೇ ಔಟ್ ವೆಸ್ಟ್'. ವಾದಕರಿಗೆಲ್ಲ ಬೇರೆ ಬೇರೆ ಕಾರ್ಯಕ್ರಮಗಳಿದ್ದುದರಿಂದ ಬೆಳಗಿನ ಜಾವ ಮೂರು ಗಂಟೆಗೆ ಸೇರಿದರು. ಈ ಆಲ್ಬಮ್ಮಿನ ಮುಖಪುಟ ಪ್ರಸಿದ್ಧ: ಮರುಭೂಮಿಯಲ್ಲಿ ಕೌಬಾಯ್ ಟೋಪಿ ಹಾಕಿ, ಸೊಂಟಕ್ಕೆ ಪಿಸ್ತೂಲಿನ ಪಟ್ಟಿ ಕಟ್ಟಿ, ಕೈಯಲ್ಲಿ ಟೆನರ್ ಹಿಡಿದು ನಿಂತ ರಾಲಿನ್ಸ್. ತಮಾಷೆಯ ಚಿತ್ರ. ಒಳಗಿನ ಸಂಗೀತ ಮಾತ್ರ ದೊಡ್ಡ ಸಾಹಸ, ಪಿಯಾನೊವನ್ನೇ ಕೈಬಿಟ್ಟಿದ್ದರು. ಜಾಝ್‌ನಲ್ಲಿ ಪಿಯಾನೊ ಎಂದರೆ ದಾರಿಯ ಇಕ್ಕೆಲದ ಬೇಲಿ. ಯಾವ ಸ್ವರಮೇಳದ ಮೇಲಿದ್ದೇವೆ ಎಂದು ಅದು ಹೇಳುತ್ತಲೇ ಇರುತ್ತದೆ. ಬೇಲಿ ಕಿತ್ತರೆ ವಾದಕ ಎತ್ತ ಬೇಕಾದರೂ ಹೋಗಬಹುದು, ದಾರಿ ತಪ್ಪಿದರೆ ಹೇಳುವವರಿಲ್ಲ. ರೇ ಬ್ರೌನ್ ಅವರ ಬಾಸ್, ಶೆಲ್ಲಿ ಮ್ಯಾನ್ ಅವರ ಡ್ರಮ್ಸ್, ನಡುವೆ ಬಯಲು. ಅದೇ ವರ್ಷದ ನವೆಂಬರ್ 3ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಎಲ್ವಿನ್ ಜೋನ್ಸ್ ಮತ್ತು ವಿಲ್ಬರ್ ವೇರ್ ಜೊತೆ ಮುದ್ರಿಸಿದ್ದು ಇನ್ನೂ ಒರಟು, ಇನ್ನೂ ಧೈರ್ಯದ್ದು. ಒಂದೇ ಒಂದು ಆಲ್ಬಮ್ ಒಯ್ಯಿರಿ ಎಂದರೆ ನಾನು ಕೊಲೊಸಸ್ ಬಿಟ್ಟು ಇದನ್ನು ಒಯ್ಯುತ್ತೇನೆ. ಇದರಲ್ಲಿ ಜನರಿದ್ದಾರೆ, ಕೂಗಿದ್ದಾರೆ, ರಾಲಿನ್ಸ್ ಸುಮ್ಮನಾಗುವ ಜಾಗಗಳಲ್ಲಿ ಗಾಜಿನ ಲೋಟಗಳು ಮಾತಾಡುತ್ತವೆ.

1958ರ 'ಫ್ರೀಡಂ ಸ್ವೀಟ್' ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಹೆಸರಾಂತ ವಾದಕನಾಗಿದ್ದೂ ಬಣ್ಣದ ಕಾರಣಕ್ಕೆ ಬಾಡಿಗೆ ಮನೆ ಸಿಗದ ಅವಮಾನ ಅದರ ಹಿಂದಿತ್ತು. 19 ನಿಮಿಷದ ಈ ಕೃತಿ ಆಲ್ಬಮ್ಮಿನ ಒಂದು ಇಡೀ ಬದಿಯನ್ನು ತುಂಬಿದೆ. ಅಮೆರಿಕದ ಸಂಸ್ಕೃತಿಯನ್ನು ತಮ್ಮದೆಂದು ಹೇಳಿಕೊಳ್ಳುವ ಹಕ್ಕು ಬೇರೆಲ್ಲರಿಗಿಂತ ಹೆಚ್ಚಾಗಿ ಇರುವ ಕರಿಯರೇ ಅಲ್ಲಿ ಅಮಾನವೀಯತೆಗೆ ಗುರಿಯಾಗುತ್ತಿದ್ದಾರೆ ಎಂಬರ್ಥದ ಟಿಪ್ಪಣಿಯನ್ನು ಅವರು ಹೊದಿಕೆಯ ಮೇಲೆ ಅಚ್ಚು ಹಾಕಿಸಿದರು. ಸ್ವಲ್ಪ ಕಾಲದ ಮೇಲೆ ಕಂಪನಿ ಅದೇ ಆಲ್ಬಮ್ಮನ್ನು 'ಶ್ಯಾಡೊ ವಾಲ್ಟ್ಸ್' ಎಂಬ ನಿರಪಾಯಕಾರಿ ಹೆಸರಿನಲ್ಲಿ ಮತ್ತೆ ಮಾರಿತು.

ಈಗ ಸೇತುವೆ.

1959ರ ಬೇಸಿಗೆಯಲ್ಲಿ ರಾಲಿನ್ಸ್ ಕಾರ್ಯಕ್ರಮ, ಮುದ್ರಣ ಎಲ್ಲ ನಿಲ್ಲಿಸಿಬಿಟ್ಟರು. ವಯಸ್ಸು ಇನ್ನೂ 28. ಪತ್ರಿಕೆಗಳು ದೊಡ್ಡವನೆನ್ನುತ್ತಿವೆ, ಜನ ದುಡ್ಡು ಕೊಟ್ಟು ಬರುತ್ತಿದ್ದಾರೆ, ತನಗೆ ಮಾತ್ರ ತನ್ನ ವಾದನ ಆ ಹೆಸರಿನಷ್ಟು ಎತ್ತರಕ್ಕಿಲ್ಲ ಎನ್ನಿಸುತ್ತಿದೆ. ಮನೆ ಮ್ಯಾನ್‌ಹಟನ್‌ನ ಗ್ರ್ಯಾಂಡ್ ಸ್ಟ್ರೀಟ್‌ನಲ್ಲಿ. ಪಕ್ಕದ ಮನೆಯಲ್ಲಿ ಗರ್ಭಿಣಿಯೊಬ್ಬಳಿದ್ದಳು. ಟೆನರ್‌ನ ಮೊರೆತದಿಂದ ಅವಳಿಗೆ ಕಷ್ಟ ಎಂಬ ಸಂಕೋಚ. ಒಂದು ದಿನ ಹಾಗೇ ನಡೆದು ಹೋಗುವಾಗ ವಿಲಿಯಮ್ಸ್‌ಬರ್ಗ್ ಸೇತುವೆಯ ಮೆಟ್ಟಿಲು ಕಂಡಿತು, ಹತ್ತಿದರು. ಮ್ಯಾನ್‌ಹಟನ್‌ನಿಂದ ಬ್ರೂಕ್ಲಿನ್‌ಗೆ ಈಸ್ಟ್ ನದಿ ದಾಟಿಸುವ ಆ ಸೇತುವೆಯ ಮೇಲೆ ಕಾರು, ರೈಲು, ಕೆಳಗೆ ಹಡಗು. ಎಷ್ಟು ಜೋರಾಗಿ ಊದಿದರೂ ಯಾರಿಗೂ ತೊಂದರೆಯಿಲ್ಲ. ಬಟ್ಟೆಯ ಗೂಡಿನಲ್ಲಿ ಕೂತು ಊದುತ್ತಿದ್ದ ಹುಡುಗನಿಗೆ ಕೊನೆಗೂ ತಕ್ಕಷ್ಟು ದೊಡ್ಡ ಗೂಡು ಸಿಕ್ಕಿತು.

ಎರಡು ವರ್ಷಕ್ಕೂ ಮೇಲ್ಪಟ್ಟು, ಹಗಲು ರಾತ್ರಿ, ಚಳಿಗಾಲದಲ್ಲೂ ಅಲ್ಲಿಗೆ ಹೋದರು. ಕೆಲವು ದಿನ ಹದಿನೈದು ಹದಿನಾರು ಗಂಟೆ. ನಮ್ಮಲ್ಲಿ ಸನ್ನಿ ಎಂದರೆ ಜ್ವರ ನೆತ್ತಿಗೇರಿ ಬಡಬಡಿಸುವುದು. ಹೆಸರು ಹೊಂದಿತು ಎಂದು ನಗಬಹುದು. ಆದರೆ ಅಲ್ಲಿ ನಡೆದದ್ದು ಬಡಬಡಿಕೆಯಲ್ಲ. ನದಿಯ ಗಾಳಿಗೆ ಎದುರಾಗಿ ನಾದ ತುಂಬಿ ನಿಲ್ಲಬೇಕು, ದೋಣಿಯ ಹಾರ್ನ್ ಕೂಗಿದರೆ ಅದೇ ಶ್ರುತಿಗೆ ಉತ್ತರ ಕೊಡಬೇಕು. ಸಿಗರೇಟು ಬಿಟ್ಟರು, ವ್ಯಾಯಾಮ ಹಿಡಿದರು. 1961ರಲ್ಲಿ ಪತ್ರಕರ್ತರೊಬ್ಬರು ಅವರನ್ನು ಅಲ್ಲಿ ಕಂಡು ಬರೆದರೂ, ಹೆಸರು ಬದಲಿಸಿ, ಸೇತುವೆಯನ್ನೂ ಬೇರೆ ಸೇತುವೆ ಮಾಡಿ, ಏಕಾಂತ ಉಳಿಸಿಕೊಟ್ಟರು. ಅಂಥ ಸೌಜನ್ಯ ಈ ಮೊಬೈಲ್ ಕಾಲದಲ್ಲಿ ಊಹಿಸುವುದೂ ಕಷ್ಟ.

ಆ ಎರಡು ವರ್ಷ ಜಾಝ್ ಸುಮ್ಮನಿರಲಿಲ್ಲ. ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ', ಕೋಲ್ಟ್ರೇನ್ ಅವರ 'ಜೈಂಟ್ ಸ್ಟೆಪ್ಸ್', ಆರ್ನೆಟ್ ಕೋಲ್ಮನ್ ನ್ಯೂಯಾರ್ಕಿಗೆ ಬಂದು ಎಬ್ಬಿಸಿದ ಗದ್ದಲ, ಎಲ್ಲವೂ 1959ರವು. ಎಲ್ಲರೂ ಮಾರುಕಟ್ಟೆಗೆ ಹೊಸ ಸರಕು ತರುತ್ತಿದ್ದಾಗ ಇವರೊಬ್ಬರು ಅಂಗಡಿ ಮುಚ್ಚಿ ತಕ್ಕಡಿ ಸರಿಪಡಿಸುತ್ತ ಕೂತಿದ್ದರು.

1961ರ ಚಳಿಗಾಲದ ಹೊತ್ತಿಗೆ ಮರಳಿದರು. 1962ರ ಆರಂಭದಲ್ಲಿ ಗಿಟಾರ್ ವಾದಕ ಜಿಮ್ ಹಾಲ್ ಜೊತೆ 'ದಿ ಬ್ರಿಡ್ಜ್' ಮುದ್ರಿಸಿದರು. ಕೇಳಿದ ಹಲವರಿಗೆ ನಿರಾಸೆ. ಎರಡು ವರ್ಷ ಕಣ್ಮರೆಯಾದವನು ಹೊಸ ಭಾಷೆಯನ್ನೇ ತರುತ್ತಾನೆಂದು ಕಾದಿದ್ದರು. ಬಂದದ್ದು ಅದೇ ಭಾಷೆ, ಇನ್ನಷ್ಟು ತಿಳಿಯಾಗಿ. ನನಗೆ ಅದು ಸುಂದರ ಆಲ್ಬಮ್. ಆದರೆ ಸೇತುವೆಯ ಫಲವನ್ನು ಅಲ್ಲಿ ಹುಡುಕುವುದೇ ತಪ್ಪು ಎನ್ನಿಸುತ್ತದೆ. ಸಾಧನೆ ಮಾಡಿದವನು ಅದರ ರಸೀದಿ ಕೊಡಬೇಕೆಂದು ಕೇಳುವುದು ಗಿರಾಕಿಯ ಬುದ್ಧಿ. ಆ ಸೇತುವೆಯ ಮೇಲಿನ ಸಾವಿರಾರು ಗಂಟೆಗಳ ಒಂದು ನಿಮಿಷವೂ ಯಾವ ಆಲ್ಬಮ್ಮಿನಲ್ಲೂ ಇಲ್ಲ.

1963ರಲ್ಲಿ ಬಾಲ್ಯದ ದೇವರು ಹಾಕಿನ್ಸ್ ಜೊತೆಯೇ ಒಂದು ಆಲ್ಬಮ್ ಆಯಿತು. ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ಗುರುವಿನ ಹಾಗೆಯೇ ನುಡಿಸುತ್ತಿದ್ದರು. ರಾಲಿನ್ಸ್ ಕಿರುಗುಟ್ಟಿದರು, ಓರೆಯಾಗಿ ನುಡಿದರು, ಹಾಕಿನ್ಸ್‌ಗೆ ಹೋಲುವ ಒಂದು ಸ್ವರವೂ ಬರದಂತೆ ನೋಡಿಕೊಂಡರು. ಕೆಲವರಿಗೆ ಇದು ಅಧಿಕಪ್ರಸಂಗ. ಗುರುವಿನ ಮನೆಯಲ್ಲಿ ಗುರುವಿನ ದನಿಯನ್ನೇ ಕದಿಯಬಾರದೆಂಬ ಮರ್ಯಾದೆ ಅದು ಎಂದು ನಾನು ಓದಿಕೊಳ್ಳುತ್ತೇನೆ.

60ರ ದಶಕದ ಕೊನೆಯಲ್ಲಿ ಮತ್ತೆ ಹಿಂದೆ ಸರಿದರು. ಈ ಸಲ ಬಂದದ್ದು ನಮ್ಮ ದೇಶಕ್ಕೆ. ಮುಂಬಯಿಯ ಪೊವಾಯಿಯಲ್ಲಿ ಸ್ವಾಮಿ ಚಿನ್ಮಯಾನಂದರ ಆಶ್ರಮದಲ್ಲಿ ಕೆಲವು ತಿಂಗಳಿದ್ದು ಯೋಗ, ವೇದಾಂತ ಕಲಿತರು. ಕಛೇರಿ ಕೇಳಲಿಕ್ಕಾಗಲಿ ರಾಗ ಕಲಿಯಲಿಕ್ಕಾಗಲಿ ಬಂದವರಲ್ಲ. ಆ ಕಾಲದಲ್ಲಿ ಸಿತಾರಿನ ನಾಲ್ಕು ತಂತಿ ಮೀಟಿ ಪೂರ್ವದ ಗಾಳಿ ಎಂದು ಮಾರಿದವರ ಸಾಲಿಗೆ ಸೇರದಿದ್ದುದು ಅವರ ದೊಡ್ಡತನ. ಕಣ್ಣು ಮುಚ್ಚಿ ಕೂತು ಧ್ಯಾನ ಮಾಡುವುದು ತನಗೆ ಒಗ್ಗುತ್ತಿಲ್ಲ ಎಂದಾಗ, ವಾದ್ಯ ನುಡಿಸುವುದೇ ನಿನಗೆ ಧ್ಯಾನ ಎಂಬ ಉತ್ತರ ಸಿಕ್ಕಿತೆಂದು ಮುಂದೆ ನೆನಪಿಸಿಕೊಂಡಿದ್ದಾರೆ.

1972ರ ನಂತರದ ಆಲ್ಬಮ್‌ಗಳ ಬಗ್ಗೆ ನಾನು ಬೇಗ ಮಾತು ಮುಗಿಸುತ್ತೇನೆ. ಎಲೆಕ್ಟ್ರಿಕ್ ಬಾಸ್, ಕೀಬೋರ್ಡ್, ಕುಣಿತದ ತಾಳ; ಸ್ಟುಡಿಯೊದಲ್ಲಿ ಅವರು ಮೈಬಿಟ್ಟು ನುಡಿಸಿದ್ದು ಕಡಿಮೆ. ಅದೇ ಹಾಡುಗಳು ವೇದಿಕೆಯ ಮೇಲೆ ಅರ್ಧ ಅರ್ಧ ಗಂಟೆ ಉರಿಯುತ್ತಿದ್ದವು. 1986ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾಗರ್ಟೀಸ್‌ನ ಬಯಲು ವೇದಿಕೆಯೊಂದರಲ್ಲಿ ನುಡಿಸುತ್ತ ನುಡಿಸುತ್ತ ಎತ್ತರದಿಂದ ಕೆಳಗೆ ಜಿಗಿದು ಹಿಮ್ಮಡಿ ಮೂಳೆ ಮುರಿದುಕೊಂಡರು. ಅಂಗಾತ ಬಿದ್ದಲ್ಲಿಂದಲೇ ವಾದನ ಮುಂದುವರಿಸಿದರು. ರಾಬರ್ಟ್ ಮಗ್ಗಿ ತೆಗೆದ ಸಾಕ್ಷ್ಯಚಿತ್ರದಲ್ಲಿ ಇದು ದಾಖಲಾಗಿದೆ, ನೋಡದವರು ನಂಬುವುದಿಲ್ಲ.

ತಮ್ಮ ಮುದ್ರಣಗಳನ್ನು ಕೇಳುವುದೆಂದರೆ ಅವರಿಗೆ ಹಿಂಸೆ. 1981ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ 'ಟ್ಯಾಟೂ ಯೂ' ಆಲ್ಬಮ್ಮಿಗೆ ನುಡಿಸಿಕೊಟ್ಟು ಮರೆತೇಬಿಟ್ಟಿದ್ದರು. ಆಮೇಲೊಂದು ದಿನ ಸೂಪರ್ ಮಾರ್ಕೆಟ್‌ನಲ್ಲಿ ಸಾಮಾನು ಕೊಳ್ಳುವಾಗ ಸ್ಪೀಕರಿನಲ್ಲಿ ಸ್ಯಾಕ್ಸೊಫೋನ್ ಕೇಳಿ, ಯಾರಪ್ಪಾ ಇದು ಎಂದುಕೊಂಡು, ಸ್ವಲ್ಪ ಹೊತ್ತಾದ ಮೇಲೆ ಅದು ತಾನೇ ಎಂದು ಹೊಳೆಯಿತಂತೆ.

ಹಾಗಾದರೆ ಆ ವೇದಿಕೆಯ ಬೆಂಕಿ ನಮಗೆ ಉಳಿದದ್ದು ಹೇಗೆ? ಬಹುಮಟ್ಟಿಗೆ ಕಳ್ಳತನದಿಂದ. ಅಭಿಮಾನಿಯೊಬ್ಬರು ವರ್ಷಗಟ್ಟಲೆ ಅವರ ಕಾರ್ಯಕ್ರಮಗಳ ಟೇಪುಗಳನ್ನು ಕೂಡಿಹಾಕುತ್ತಿದ್ದರು. 2001ರ ಸೆಪ್ಟೆಂಬರ್ 11ರಂದು ರಾಲಿನ್ಸ್ ಇದ್ದದ್ದು ವರ್ಲ್ಡ್ ಟ್ರೇಡ್ ಸೆಂಟರ್‌ನಿಂದ ಕೆಲವೇ ಬೀದಿಗಳಾಚೆಯ ಬಹುಮಹಡಿ ಮನೆಯಲ್ಲಿ. ಮರುದಿನ ತೆರವು ಮಾಡಿಸಿದಾಗ ಸ್ಯಾಕ್ಸೊಫೋನ್ ಹಿಡಿದು ಮೆಟ್ಟಿಲಿಳಿದರು. ನಾಲ್ಕೇ ದಿನಕ್ಕೆ ಬಾಸ್ಟನ್‌ನಲ್ಲಿ ಕಾರ್ಯಕ್ರಮ; ರದ್ದು ಮಾಡಲು ಹೊರಟವರನ್ನು ನುಡಿಸಲೇಬೇಕೆಂದು ಹೊರಡಿಸಿದವರು ಹೆಂಡತಿ ಲೂಸಿಲ್. ಅಂದಿನ ವಾದನವನ್ನು ಆ ಅಭಿಮಾನಿ ಸಭೆಯಲ್ಲಿ ಕೂತು ಗುಟ್ಟಾಗಿ ಮುದ್ರಿಸಿಕೊಂಡಿದ್ದರು. ಅದೇ 2005ರಲ್ಲಿ 'ವಿದೌಟ್ ಎ ಸಾಂಗ್' ಎಂಬ ಆಲ್ಬಮ್ಮಾಗಿ ಹೊರಬಂತು, ಅದರ ಒಂದು ವಾದನಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಕದ್ದು ಮುದ್ರಿಸಿದವರೊಡನೆ ಜಗಳವಾಡದೆ ರಾಲಿನ್ಸ್ ಕೈಜೋಡಿಸಿದರು. 2008ರಿಂದ ಬಂದ 'ರೋಡ್ ಶೋಸ್' ಮಾಲಿಕೆಗೂ ಆ ಟೇಪುಗಳು ಒದಗಿದವು.

ಶ್ವಾಸಕೋಶದ ಕಾಯಿಲೆಯಿಂದ 2012ರ ನಂತರ ಅವರು ವೇದಿಕೆ ಏರಲಿಲ್ಲ. 2014ರಲ್ಲಿ ವಾದ್ಯವನ್ನೇ ಕೆಳಗಿಟ್ಟರು. ಅವರ ಕಾಗದಪತ್ರಗಳನ್ನು 2017ರಲ್ಲಿ ಹಾರ್ಲೆಮ್‌ನ ಶಾಂಬರ್ಗ್ ಕೇಂದ್ರ ಪಡೆಯಿತು. ಬೆರಳಿನ ವರಸೆ, ಉಸಿರಾಟ, ಆಹಾರ, ತನ್ನ ಮೇಲಿನ ಸಿಟ್ಟು, ಹೀಗೆ ಬರೆದಿಟ್ಟ ಟಿಪ್ಪಣಿಗಳು ಅದರಲ್ಲಿವೆ. ಸೇತುವೆಯ ಕಾಲದವೂ ಇವೆ. ಅಲ್ಲಿ ಊದಿದ ಸ್ವರ ಗಾಳಿಗೆ ಹೋಯಿತು. ನಾಳೆ ಇನ್ನೂ ಚೆನ್ನಾಗಿ ಊದಬೇಕೆಂದು ಬರೆದ ಹಾಳೆ ಉಳಿಯಿತು.

ಅಧ್ಯಕ್ಷರ ಅಪ್ಪಣೆಯಿದ್ದರೆ ಈಗ 'ಬ್ಲೂ ಸೆವೆನ್' ಹಾಕಿಸುತ್ತೇನೆ. ಹನ್ನೊಂದು ನಿಮಿಷ ಚಿಲ್ಲರೆ. ಮೊದಲ ಒಂದೂವರೆ ನಿಮಿಷ ನಾನು ವರ್ಷಗಟ್ಟಲೆ ಕೇಳಿದ್ದು. ಟೇಪ್ ನಿಲ್ಲುತ್ತಿದ್ದ ಜಾಗ ಬಂದಾಗ ಕೈ ಎತ್ತುತ್ತೇನೆ, ಅಲ್ಲಿಂದ ಮುಂದೆ ನೀವೇ ಕೇಳಿಕೊಳ್ಳಿ.

(ಇಲ್ಲಿ ಧ್ವನಿಮುದ್ರಿಕೆಯನ್ನು ಪೂರ್ತಿಯಾಗಿ ಕೇಳಿಸಲಾಯಿತು.)